ಬೀಜದ ಹೊಲದ ಅಂತರ

ಗಾಜಿನ ಸಿರಿಂಜುಗಳು ಕುದಿಯುವ ನೀರಿನಲ್ಲಿ ಒಂದಕ್ಕೊಂದು ತಾಗಿ ಮಾಡುತ್ತಿದ್ದ ಆ ಕಿಣಿಕಿಣಿ ಸದ್ದು ಈಗ ಯಾವ ಆಸ್ಪತ್ರೆಯಲ್ಲೂ ಕೇಳುವುದಿಲ್ಲ. ಗಂಗಾವತಿಯ ಆ ನರ್ಸಿಂಗ್ ಹೋಮಿನಲ್ಲಿ ಸೀಮೆಎಣ್ಣೆ ಸ್ಟೋವಿನ ಮೇಲೆ ಒಂದು ಸ್ಟೀಲ್ ಡಬ್ಬಿ ಸದಾ ಕುದಿಯುತ್ತಿತ್ತು. ಸ್ಟೋವಿನ ಭರ್ರೆನ್ನುವ ಸದ್ದು, ಅದರ ಮೇಲೆ ಈ ಕಿಣಿಕಿಣಿ. ಹೆರಿಗೆಯ ಮಂಚದಲ್ಲಿ ಮಲಗಿ ಅದನ್ನು ಕೇಳುತ್ತಾ, ಎಷ್ಟು ಹೈಜೀನಿಕ್ ಆಗಿದೆ ಈ ಜಾಗ ಎಂದು ನಾನು ಮೆಚ್ಚಿಕೊಂಡಿದ್ದೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನಮಗೆ ಹೈಜೀನ್ ಕಲಿಸಿದ ಸಿಸ್ಟರ್, ಕುದಿಸಿದ್ದೆಲ್ಲ ಕ್ಲೀನ್ ಎನ್ನುತ್ತಿದ್ದರು. ಸೂಜಿಯನ್ನೇನೋ ಕುದಿಸಿದ್ದರು. ರಕ್ತವನ್ನು ಕುದಿಸಲು ಬರುವುದಿಲ್ಲವಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಗಳು ಶೈಲಾ ಹುಟ್ಟಿದ ಮಧ್ಯಾಹ್ನ ನನಗೆ ರಕ್ತಸ್ರಾವ ನಿಲ್ಲಲೇ ಇಲ್ಲ. ಹಾಸಿಗೆ ತೊಯ್ದು, ಕೆಳಗಿನ ರಬ್ಬರ್ ಶೀಟಿನಿಂದ ನೆಲಕ್ಕೆ ತೊಟ್ಟಿಕ್ಕುವುದು ನನಗೇ ಕಾಣುತ್ತಿತ್ತು. "ಎಲ್ಲಿಂದರ ರಕ್ತ ತರ್ರಿ, ಈಗಿಂದೀಗ," ಎಂದು ಡಾಕ್ಟರು ನನ್ನ ಗಂಡನಿಗೆ ಹೇಳಿದರು. ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ರಕ್ತ ಮಾರುವವರು ಇರುತ್ತಾರೆಂದು ಆಗ ಎಲ್ಲರಿಗೂ ಗೊತ್ತಿತ್ತು. ಗಂಡ ಓಡಿಹೋಗಿ ಒಬ್ಬನನ್ನು ಕರೆತಂದರು. ರಕ್ತದ ಗುಂಪು ಹೊಂದುತ್ತದೆಯೇ ಎಂದು ನೋಡಿದರು, ಮತ್ತೇನನ್ನೂ ನೋಡಲಿಲ್ಲ. ಪರದೆಯ ಆಚೆ ಆ ಮನುಷ್ಯ ಕೆಮ್ಮುತ್ತಿದ್ದುದು ನೆನಪಿದೆ. ಸ್ವಲ್ಪ ಹೊತ್ತಿಗೆ ಗಾಜಿನ ಬಾಟಲಿ ನನ್ನ ತಲೆಯ ಮೇಲೆ ತೂಗಿತು.

ಆ ಬಾಟಲಿ ಇಲ್ಲದಿದ್ದರೆ ನಾನು ಅಂದೇ ಸತ್ತಿರುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ರಕ್ತ ಮಾರಿದವನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ನನಗಿಂತ ಮೊದಲೇ, ಏನಾಯಿತೆಂದು ತಿಳಿಯದೇ, ಎಲ್ಲೋ ಹೋಗಿರುತ್ತಾನೆ. ನನ್ನ ಸಿಟ್ಟು ಬೇರೆಯವರ ಮೇಲೆ. 'ಫರ್ಗಿವ್ ಅಂಡ್ ಫರ್ಗೆಟ್' ಎಂದು ನಮ್ಮ ಕಾನ್ವೆಂಟಿನ ಗೋಡೆಯ ಮೇಲೆ ಬರೆದಿತ್ತು. ಎಪ್ಪತ್ತು ದಾಟಿದ ಮೇಲೂ ಎರಡೂ ನನ್ನಿಂದ ಆಗಿಲ್ಲ.

ನಾನು ರೈಲ್ವೆ ಗಾರ್ಡ್ ಒಬ್ಬರ ಮಗಳು. ಮದುವೆಯಾಗಿ ಬಂದದ್ದು ಕುಷ್ಟಗಿ ಕಡೆಯ, ಹೈಬ್ರಿಡ್ ಹತ್ತಿ ಬೀಜ ಬೆಳೆಯುವ ಮನೆಗೆ. ಅತ್ತೆ ಇರಲಿಲ್ಲ, ಮಾವ, ಗಂಡ, ಯಲಬುರ್ಗಾಕ್ಕೆ ಮದುವೆಮಾಡಿಕೊಟ್ಟ ನಾದಿನಿ ನೀಲಮ್ಮ, ಇಷ್ಟೇ ಮನೆತನ. ಬೀಜದ ಹೊಲದ ಕೆಲಸ ನೋಡಲು ಚಂದ. ಸಂಜೆ ಹೆಂಗಸರು ಸಾಲಿನಲ್ಲಿ ಬಗ್ಗಿ, ನಾಳೆ ಅರಳುವ ಮೊಗ್ಗಿನ ಗಂಡುಭಾಗವನ್ನು ಉಗುರಿನಿಂದ ಚಿವುಟಿ ತೆಗೆದು, ಕೆಂಪು ಕಾಗದ ಸುತ್ತಿಡುತ್ತಾರೆ. ಬೆಳಿಗ್ಗೆ ಕಾಗದ ತೆಗೆದು, ಬೇರೆ ಜಾತಿಯ ಹತ್ತಿಹೂವಿನ ಪರಾಗ ತಂದು ಮುಟ್ಟಿಸುತ್ತಾರೆ. ಊರಲ್ಲಿ ಎಲ್ಲರೂ ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಮಾವ ಅದರಲ್ಲಿ ಹೆಸರು ಮಾಡಿದವರು. ಅವರ ಬಾಯಲ್ಲಿ ಸದಾ ಎರಡು ಮಾತು. ಬೆರಕೆ ಗಿಡ ಕಂಡರೆ ಹೂ ಬಿಡುವ ಮೊದಲೇ ಕಿತ್ತು ಒಗೆಯಬೇಕು. ನಮ್ಮ ಹೊಲಕ್ಕೂ ಪಕ್ಕದವರ ಹತ್ತಿಗೂ ನಡುವೆ ಅಂತರ ಇರಬೇಕು. ಅಂತರ ಕೆಟ್ಟರೆ ಕಂಪನಿಯವರು ಬೀಜ ಮುಟ್ಟುವುದಿಲ್ಲ. ಹೊಸ ಸೊಸೆಯಾಗಿದ್ದಾಗ ಈ ಶಿಸ್ತು ನನಗೆ ಬಹಳ ಇಷ್ಟವಾಗಿತ್ತು. ಕಾನ್ವೆಂಟಿನ ಡಿಸಿಪ್ಲಿನ್ ಹೊಲಕ್ಕೂ ಬಂದಿದೆ ಎಂದುಕೊಂಡಿದ್ದೆ.

ಶೈಲಾ ಓಡಾಡುವಷ್ಟು ದೊಡ್ಡವಳಾದಾಗ ನನ್ನ ಸೊಂಟದ ಸುತ್ತ ಸರ್ಪಸುತ್ತು ಎದ್ದಿತು. ಉರಿ ಎಂದರೆ ಉರಿ, ಸೀರೆ ತಾಗಿದರೂ ಸಹಿಸಲಾಗದು. ಕೆಮ್ಮಣ್ಣು ಹಚ್ಚಿಸಿದರು, ಹೋಯಿತು. ಮತ್ತೆ ಬಂತು. ಹಿಂದೆಯೇ ಬಿಡದ ಜ್ವರ, ಬಾಯೊಳಗೆ ಬಿಳಿ ಪದರ. ಮೈ ಇಳಿಯಿತು, ಬಳೆಗಳು ಮೊಳಕೈವರೆಗೆ ಜಾರತೊಡಗಿದವು. ಗಂಗಾವತಿಯಲ್ಲಿ ಹೊಸದಾಗಿ ಬಂದಿದ್ದ ಒಬ್ಬ ಲೇಡಿ ಡಾಕ್ಟರ್ ನನ್ನ ಬಾಯಿ ನೋಡಿ ಕೇಳಿದರು:

"ನಿಮಗ ಯಾವಾಗರ ರಕ್ತ ಏರ್ಸಿದ್ರೇನ್ರಿ?"

ನನ್ನ ಕಾಯಿಲೆಯ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದ ಮೊದಲ ವ್ಯಕ್ತಿ ಅವರು. ಬಹಳ ಕಾಲ ಕೊನೆಯವರೂ ಅವರೇ. ಮಗುವಿನ ಹಾಲು ಬಿಡಿಸಲು ಹೇಳಿ, ದೂರದ ಊರಿನ ದೊಡ್ಡಾಸ್ಪತ್ರೆಗೆ ನಮ್ಮಿಬ್ಬರನ್ನೂ, ಅಂದರೆ ನನ್ನನ್ನೂ ಗಂಡನನ್ನೂ, ರಕ್ತಪರೀಕ್ಷೆಗೆ ಕಳಿಸಿದರು.

ಆ ದೊಡ್ಡಾಸ್ಪತ್ರೆಯ ಹೆಸರು ಬರೆಯುವುದಿಲ್ಲ. ರಿಸಲ್ಟಿಗಾಗಿ ಎರಡನೇ ಸಲ ಹೋದಾಗ ವರಾಂಡದ ತುಂಬ ಜನ. ಅಟೆಂಡರ್ ಬಾಗಿಲಲ್ಲಿ ನಿಂತು ಕೂಗಿದ: "ಏಡ್ಸ್ ಕೇಸ್ ಯಾರ್ರಿ? ಏಡ್ಸ್ ಕೇಸ್, ಒಳಗ ಬರ್ರಿ!" ನಾನು ಎದ್ದೆ. ನಾನು ಕುಳಿತಿದ್ದ ಬೆಂಚೂ ನನ್ನ ಜೊತೆ ಎದ್ದಿತು. ಅಷ್ಟು ಹೊತ್ತು ತೊಡೆಗೆ ತೊಡೆ ತಾಗಿಸಿ ಕೂತಿದ್ದವರೆಲ್ಲ ಗೋಡೆಗೆ ಸರಿದರು. ಒಳಗಿದ್ದ ಡಾಕ್ಟರ್ ಚಿಕ್ಕ ವಯಸ್ಸಿನವನು, ಕೈಗೆ ಗ್ಲವ್ಸಿನ ಮೇಲೆ ಗ್ಲವ್ಸು. ನನಗೆ ಪಾಸಿಟಿವ್, ಗಂಡನಿಗೆ ನೆಗೆಟಿವ್ ಎಂದ. ನಾನು ಇಂಗ್ಲಿಷಿನಲ್ಲಿ ಏನೋ ಕೇಳಿದೆ. ಅವನು ಮೊದಲು ನನ್ನನ್ನು, ಆಮೇಲೆ ಗಂಡನನ್ನು ನೋಡಿದ.

"ಇಷ್ಟು ಇಂಗ್ಲಿಷ್ ಎಲ್ಲಿ ಕಲಿತ್ರಿ?"

ಆ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇತ್ತು. "ಸಾಲಿಯಾಗ ಕಲಿತೆ ಡಾಕ್ಟರ್," ಎಂದೆ. "ಹೆಂಗಸರು ಬಂದ್ರ ಕುರ್ಚಿ ಕೊಡಬೇಕಂತನೂ ಅಲ್ಲೇ ಕಲಿಸಿದ್ರು."

ಕುರ್ಚಿ ಕೊಡಲಿಲ್ಲ. ರಕ್ತ ಏರಿಸಿದ ವಿಷಯ ಹೇಳಿದರೆ, "ಎಲ್ಲಾರೂ ಹಂಗ ಹೇಳ್ತಾರ," ಎಂದ.

ಬಸ್ಸಿನಲ್ಲಿ ಹಿಂತಿರುಗುವಾಗ ಗಂಡನಿಗೆ ನೆಗೆಟಿವ್ ಬಂದಿದೆಯಲ್ಲ ಎಂದು ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿಯುತ್ತಿದ್ದೆ. ಅದೇ ನನ್ನ ಮೇಲಿನ ಆರೋಪಕ್ಕೆ ಪುರಾವೆಯಾಗುತ್ತದೆಂದು ಹೊಳೆಯಲಿಲ್ಲ. ಗಂಡ ಶುದ್ಧ, ಹೆಂಡತಿಗೆ ರೋಗ. ಹಾಗಾದರೆ ಹೆಂಡತಿ ಎಲ್ಲಿಗೆ ಹೋಗಿದ್ದಳು? ಊರಿಗೆ ಈ ಲೆಕ್ಕ ಬಹಳ ಸಲೀಸು.

ಮಾವ ಪಡಸಾಲೆಯಲ್ಲಿ ಕುಳಿತು ವಿಚಾರಣೆ ಮಾಡಿದರು. ಕೆಟ್ಟ ಮಾತು ಆಡುವವರಲ್ಲ ಅವರು, ಸೊಸೆಯನ್ನೂ ತಂಗಿ ಎಂದೇ ಕರೆಯುವವರು. ಬೀಜದ ರೋಗ ವಿಚಾರಿಸಿದ ಹಾಗೆಯೇ ವಿಚಾರಿಸಿದರು.

"ಗಾಳಿಗೆ ಬರ್ತೈತೇನು ಇದು?"

"ಇಲ್ಲರಿ ಮಾವಾರ."

"ಹುಳ ಹೊತ್ಕೊಂಡು ಹೋಗ್ತೈತೇನು?"

"ಇಲ್ಲರಿ. ಸೊಳ್ಳಿ ಕಚ್ಚಿದ್ರೂ ಬರಂಗಿಲ್ಲ."

"ಮತ್ತ ನಿನಗ ಹೆಂಗ ಬಂತು, ತಂಗಿ?"

"ಹೆರಿಗಿಯಾಗ ಏರ್ಸಿದ್ರಲ್ಲರಿ, ಆ ರಕ್ತದಾಗ. ಇವರೇ ಕರ್ಕೊಂಡು ಬಂದಿದ್ರು ಆ ಮನಷ್ಯಾನ್ನ. ಕೇಳ್ರಿ."

ಮಾವ ಮಗನತ್ತ ತಿರುಗಿದರು. "ಏನಪಾ, ಖರೇ ಏನು?"

ನನ್ನ ಗಂಡ ಹೊಸ್ತಿಲನ್ನು ನೋಡಿದರು. ಹೌದೆಂದರೆ ರೋಗ ಮನೆಗೆ ತಂದವನು ತಾನಾಗುತ್ತೇನೆ ಎಂಬ ಭಯವಿತ್ತೋ ಏನೋ. "ನನಗ ನೆನಪಿಲ್ಲಪಾ," ಎಂದರು.

ಅಂದು ಉಸಿರುಬಿಗಿಹಿಡಿದು ಓಡಿದವರು, ನನ್ನ ರಕ್ತ ಹತ್ತಿದ ಅಂಗಿಯಲ್ಲೇ ಮರುದಿನದವರೆಗೂ ಇದ್ದವರು! ನೆನಪಿಲ್ಲವಂತೆ. ಈ ವೈರಸ್ ನನಗೆ ಕೊಟ್ಟ ನೋವುಗಳಲ್ಲಿ ಹಲವನ್ನು ನಾನು ಮರೆತಿದ್ದೇನೆ. ಆ ಮಾತನ್ನು ಮರೆತಿಲ್ಲ.

ಮಾವ ಹೇಳಿದರು: "ಗೊತ್ತಿಲ್ಲದ ರೋಗಕ್ಕ ಅಂತರ ಜಾಸ್ತಿ ಇಡಬೇಕು. ಇದು ನನ್ನ ಕಾನೂನಲ್ಲ ತಂಗಿ, ಹೊಲದ್ದು."

ಹೀಗೆ ನಾನೂ ಶೈಲಾಳೂ ಹೊಲದ ಕೊನೆಯ ಕೋಣೆಗೆ ಬಂದೆವು. ಕೆಂಪು ಕಾಗದದ ಕಟ್ಟು, ದಾರದುಂಡೆ, ಔಷಧಿ ಹೊಡೆಯುವ ಪಂಪು ಇಡುವ ಕೋಣೆ ಅದು. ನನ್ನ ಹಾಲು ಕುಡಿದ ಮಗಳಲ್ಲವೇ, ಅವಳೂ ಬೆರಕೆ ಎಂದೇ ಲೆಕ್ಕ. ಊಟದ ಬುತ್ತಿ ಬದುವಿನ ಮೇಲೆ ಇಟ್ಟು ಕೂಗಿ ಹೋಗುತ್ತಿದ್ದರು. ಕ್ರಾಸಿಂಗಿಗೆ ಬರುತ್ತಿದ್ದ ಹನುಮವ್ವನಿಗೆ ಮಾತ್ರ ಬಾಯಿ ಕಟ್ಟಿರಲಿಲ್ಲ.

"ಅಕ್ಕಾರ, ನಿಮ್ಮ ಮಾವ ನಿಮಗೂ ಒಂದ್ ಕೆಂಪು ಕಾಗದ ಸುತ್ತಿ ಹೋಗ್ಯಾನೇನ್ರಿ?"

"ಸುತ್ಯಾರವ್ವ. ಬೆಳಿಗ್ಗೆ ಬಂದು ಬಿಚ್ಚತಾರೇನ ನೋಡು."

"ಬಿಚ್ಚಂಗಿಲ್ಲ ಬಿಡ್ರಿ. ಮುದುಕಗ ಹೆದರಿಕಿ ಐತಿ, ಕಾಯಿಗೀಯಿ ಹಿಡದಾವು ಅಂತ!"

ಎಷ್ಟೋ ದಿನಗಳ ಮೇಲೆ ನಾನು ನಕ್ಕದ್ದು ಆಗ.

ಓದುವವರಲ್ಲಿ ಇದೇ ಕಾಯಿಲೆಯವರು ಇರಬಹುದು. ಅವರಿಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾನು ಬದುಕಿದ್ದೇನೆ. ನನ್ನೊಳಗಿನದು ನಿಧಾನದ ಜಾತಿಯದೋ, ನನ್ನ ಮೈಯೇ ಹಟಮಾರಿಯೋ, ಔಷಧಿ ಬರುವವರೆಗೆ ಬಹಳ ವರ್ಷ ತಾಳಿದೆ. ನಡುವೆ ಟಿಬಿ ಬಂದು ಹೋಯಿತು. ಈಗ ದಿನಾ ಮಾತ್ರೆ ನುಂಗುತ್ತೇನೆ, ಮೊಮ್ಮಕ್ಕಳಿರುವ ಬೇರೆ ಮುದುಕಿಯರ ಹಾಗೆಯೇ ಮೊಣಕಾಲು ನೋವೆಂದು ಗೊಣಗುತ್ತೇನೆ. ಆಗ ಯಾರೂ ಹೇಳದಿದ್ದನ್ನು ಕೊಪ್ಪಳದ ಡಾಕ್ಟರೊಬ್ಬರು ಎಷ್ಟೋ ವರ್ಷಗಳ ಮೇಲೆ ಕೂರಿಸಿ, ಕುರ್ಚಿ ಕೊಟ್ಟು, ಹೇಳಿದರು. ಈ ವೈರಸ್ ತಾನಾಗಿ ಮರಿ ಹಾಕಲಾರದು. ನಮ್ಮ ರಕ್ತದ ಕಣದೊಳಗೆ ಹೊಕ್ಕು, ತನ್ನ ಬರಹವನ್ನು ತಿರುವುಮುರುವಾಗಿ ನಮ್ಮ ಭಾಷೆಗೆ ನಕಲು ಮಾಡಿ, ನಮ್ಮದೇ ಪುಸ್ತಕದ ನಡುವೆ ಹೊಲಿದುಬಿಡುತ್ತದೆ. ಆಮೇಲೆ ಆ ಕಣ ತನ್ನದೆಂದೇ ತಿಳಿದು ಅದರ ಪ್ರತಿಗಳನ್ನು ತೆಗೆಯುತ್ತಾ ಹೋಗುತ್ತದೆ. ನಕಲು ಮಾಡುವಾಗ ಅದಕ್ಕೆ ತಪ್ಪು ತಿದ್ದುವ ಅಭ್ಯಾಸವಿಲ್ಲ. ನಮ್ಮ ಸಿಸ್ಟರ್ ಕಂಡಿದ್ದರೆ ಬೆರಳ ಗಿಣ್ಣಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಆದರೆ ಆ ತಪ್ಪುಗಳೇ ಅದರ ಬಲ. ಒಂದು ಔಷಧಿಗೆ ಸಿಕ್ಕಿಬೀಳದ ತಪ್ಪು ನಕಲೊಂದು ಎಲ್ಲೋ ಹುಟ್ಟಿಯೇ ಇರುತ್ತದೆ. ಅದಕ್ಕೇ ಮೂರು ಔಷಧಿ ಒಟ್ಟಿಗೆ ಕೊಡುತ್ತಾರೆ. ಮೂರರಿಂದಲೂ ಒಮ್ಮೆಲೇ ತಪ್ಪಿಸಿಕೊಳ್ಳುವುದು ಕಷ್ಟ.

"ಒಂದೇ ಕಣಕ್ಕೆ ಎರಡು ಬೇರೆ ಬೇರೆ ತಳಿಯ ವೈರಸ್ ಹೊಕ್ಕರೆ, ಎರಡರದ್ದೂ ತುಣುಕು ಕೂಡಿ ಮೂರನೆಯದು ಹುಟ್ಟಬಹುದು," ಎಂದರು ಅವರು. ಗಂಡ ಹೆಂಡತಿ ಇಬ್ಬರಿಗೂ ಇದ್ದರೂ ಜಾಗ್ರತೆ ಬೇಕೆನ್ನುವುದು ಅದಕ್ಕಾಗಿ.

"ಕ್ರಾಸಿಂಗ್," ಎಂದೆ ನಾನು.

"ಹೌದು," ಎಂದು ನಕ್ಕರು. "ನಿಮಗೆ ಇಷ್ಟು ಬೇಗ ಹೇಗೆ ತಿಳಿಯಿತು?"

ಬೀಜದ ಹೊಲದ ಸೊಸೆ ನಾನು, ತಿಳಿಯದೇ ಇರುತ್ತದೆಯೇ! ದಿನದಿನಕ್ಕೂ ಬದಲಾಗುವ ವೈರಸ್ಸಿಗೆ ಔಷಧಿ ಸಿಕ್ಕಿತು. ಎಂದೂ ಬದಲಾಗದ ಜನರಿಗೆ ಏನು ಮಾಡುವುದೆಂದು ಅವರನ್ನು ಕೇಳಲಿಲ್ಲ.

ಹೊಲದ ಕೋಣೆಗೆ ಹಿಂತಿರುಗುತ್ತೇನೆ. ನನ್ನ ಮೈಯಲ್ಲಿ ಏನಿದೆ ಎಂದು ಗೊತ್ತಾಗಿತ್ತು, ಅದನ್ನು ಹೇಗೋ ನುಂಗಿಕೊಂಡಿದ್ದೆ. ಶೈಲಾಳ ಮೈಯಲ್ಲಿ ಏನಿದೆ? ಹಾಲು ಕೇಳಿ ಅವಳು ಸೆರಗು ಎಳೆದಾಗೆಲ್ಲ ಅದೇ ಪ್ರಶ್ನೆ. ಮಗುವನ್ನೂ ಪರೀಕ್ಷೆ ಮಾಡಿಸೋಣ ಎಂದು ಹೇಳಿ ಕಳಿಸಿದೆ. ಮಾವ ಬದುವಿನ ಆಚೆ ನಿಂತು ಹೇಳಿದರು:

"ಯಾಕ ಬೇಕು? ಬೆರಕಿ ಗಿಡದ ಬೀಜ ಬೆರಕಿನ. ಮತ್ತೊಂದ್ ಊರಿಗೆ ಸುದ್ದಿ ಹಬ್ಬಿಸಬ್ಯಾಡ."

ನಾನು ಕೇಳಲಿಲ್ಲ. ಮಗಳನ್ನು ಎತ್ತಿಕೊಂಡು ಬಸ್ಸು ಹತ್ತಿದೆ. ಅದೇ ದೊಡ್ಡಾಸ್ಪತ್ರೆ, ಅದೇ ವರಾಂಡ, ಅದೇ ಅಟೆಂಡರ್. ಈ ಸಲ ನಾನೇ ಬೆಂಚು ಬಿಟ್ಟು ನೆಲದ ಮೇಲೆ ಮೂಲೆಯಲ್ಲಿ ಕುಳಿತೆ. ಪಕ್ಕದಲ್ಲಿ ತಳಕಲ್ ಊರಿನ ಮುದುಕಿಯೊಬ್ಬಳು, ಮಗನ ಕಾಲು ತೋರಿಸಲು ಬಂದವಳು, ಬುತ್ತಿ ಬಿಚ್ಚಿದಳು. ಶೈಲಾ ಅವಳ ರೊಟ್ಟಿಯನ್ನೇ ನೋಡತೊಡಗಿದಳು.

"ಬಾ ನಮ್ಮವ್ವ, ಬಾ," ಎಂದು ಮುದುಕಿ ಕೈ ಚಾಚಿದಳು.

"ಬ್ಯಾಡ ಆಯಿ," ಎಂದೆ. ಮುಚ್ಚಿಟ್ಟು ಅವಳ ರೊಟ್ಟಿ ತಿನ್ನಿಸುವುದು ನನಗಾಗಲಿಲ್ಲ. "ನನಗ ಕೆಟ್ಟ ರೋಗ ಐತಿ. ಕೂಸಿಗೆ ಐತೋ ಇಲ್ಲೋ ಕೇಳಾಕ ಬಂದೀನಿ."

ಮುದುಕಿ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. "ರೋಗ ಐತೋ ಇಲ್ಲೋ ಅವರು ಹೇಳ್ಲಿ. ಹಸಿವು ಐತಿ ಅಂತ ಕೂಸೇ ಹೇಳಾಕತ್ತೈತಿ," ಎಂದು ಶೈಲಾಳನ್ನು ತೊಡೆಯ ಮೇಲೆ ಎಳೆದುಕೊಂಡು, ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಮುರಿದು ಬಾಯಿಗಿಟ್ಟಳು. "ನೀನೂ ತಗೋ. ಎಲುಬು ಕಾಣಾಕತ್ಯಾವು ನಿನ್ನವು."

ರೊಟ್ಟಿ ತೆಗೆದುಕೊಂಡು ತಿಂದೆ. ಆ ಕೈಯಿಂದ ಈ ಕೈಗೆ ಬಂದ ರೊಟ್ಟಿ ಅದು. ಬದುವಿನ ಮೇಲೆ ಇಟ್ಟು ಹೋದದ್ದಲ್ಲ.

ಶೈಲಾಳ ರಿಸಲ್ಟ್ ಕೈಗೆ ಬರಲು ಮತ್ತೆ ಹೋಗಬೇಕಾಯಿತು. ನೆಗೆಟಿವ್. ಹಿಂತಿರುಗುವ ಬಸ್ಸಿನಲ್ಲಿ ನಾನು ಅವಳ ನೆತ್ತಿಯ ಮೇಲೆ ಮುಖ ಇಟ್ಟು ಅತ್ತದ್ದನ್ನು ನೋಡಿ ಕಂಡಕ್ಟರ್, "ಯಾರು ಹೋದರ್ರಿ?" ಎಂದು ಕೇಳಿದ. "ಯಾರೂ ಹೋಗಿಲ್ಲಪ್ಪ, ಬಂದಾಳ," ಎಂದೆ. ಹೊಲ ತಲುಪಿದವಳೇ ಬದುವಿನಿಂದ ಕೂಗಿ ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ, ನನ್ನ ಮಗಳಿಗೆ ಏನೂ ಇಲ್ಲ ಎಂದು.

ಮರುದಿನ ಗಂಡ ಬಂದರು. ಕೋಣೆಯೊಳಗೆ ಬರಲಿಲ್ಲ. "ಅಪ್ಪ ಕೂಸಿನ್ನ ನೋಡ್ಬೇಕಂತಾನ. ಸಂಜಿಗೆ ಹೊಳ್ಳಿ ಕರ್ಕೊಂಡು ಬರ್ತೀನಿ," ಎಂದರು. ನಾನು ಖುಷಿಯಿಂದ ತಲೆ ಬಾಚಿ, ಕಾಡಿಗೆ ಹಚ್ಚಿ, ಹೊಸ ಫ್ರಾಕು ಹಾಕಿ ಕಳಿಸಿದೆ. ಸಂಜೆ ಕ್ರಾಸಿಂಗಿಗೆ ಬಂದ ಹನುಮವ್ವ ಈ ಸಲ ಜೋಕು ಮಾಡಲಿಲ್ಲ.

"ಅಕ್ಕಾರ, ನಿಮ್ಮ ಮಾವ ಕೂಸಿನ್ನ ಎತ್ಕೊಂಡು ಯಲಬುರ್ಗಾ ಬಸ್ ಹತ್ಯಾನ್ರಿ. ನೀಲಮ್ಮನ ಮನ್ಯಾಗ ಬೆಳಸ್ತಾರಂತ. ಚೊಕ್ಕ ಬೀಜ ಬೆರಕಿ ಹತ್ರ ಬಿಡಬಾರದಂತ."

ಆಗ ತಿಳಿಯಿತು. ಗಂಡನ ನೆಗೆಟಿವ್‌ನಿಂದ ನಾನು ನಡತೆಗೆಟ್ಟವಳಾದೆ. ಮಗಳ ನೆಗೆಟಿವ್‌ನಿಂದ ಮಗಳೇ ಇಲ್ಲದವಳಾದೆ. ಅವಳನ್ನು ಪರೀಕ್ಷೆ ಮಾಡಿಸಿದವಳು ನಾನು, ಒಳ್ಳೆಯ ಸುದ್ದಿ ಕೂಗಿ ಹೇಳಿದವಳೂ ನಾನು. ಆ ಕೆಂಪು ಕಾಗದದ ಕಟ್ಟುಗಳನ್ನೆಲ್ಲ ಹೊರಗೆ ಎಸೆದು ಬಿಡಬೇಕು ಅನ್ನಿಸಿತು. ಎಸೆದೆ ಕೂಡ.

ಬೆಳಗಾಗುತ್ತಲೇ ನಡೆದು ರಸ್ತೆಗೆ ಬಂದು ಯಲಬುರ್ಗಾದ ಬಸ್ಸು ಹಿಡಿದೆ. ನೀಲಮ್ಮನ ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲೇ ಮನೆ. ಓಣಿಗೆ ತಿರುಗುವ ಮೊದಲೇ ಶೈಲಾಳ ಅಳು ಕೇಳಿಸಿತು. ಕಟ್ಟೆಯಿಂದ ಬಿದ್ದು ಮೊಣಕಾಲು ಒಡೆದುಕೊಂಡಿದ್ದಳು, ರಕ್ತ ಹಿಮ್ಮಡಿಯವರೆಗೆ ಇಳಿದಿತ್ತು. ಒಳಗೆ ನೀಲಮ್ಮ ಅವಳ ಪಕ್ಕದಲ್ಲಿ ಅರಿಷಿಣದ ಬಟ್ಟಲು ಹಿಡಿದು ನಿಂತಿದ್ದಳು. ಮಾವ ಬಾಗಿಲಲ್ಲಿದ್ದರು. ನನ್ನನ್ನು ಕಂಡವರೇ ಎರಡೂ ಕೈ ಅಡ್ಡ ಹಿಡಿದರು.

"ತಂಗಿ, ಮುಟ್ಟಬ್ಯಾಡ! ಗಾಯ ಆಗೈತಿ ಕೂಸಿಗೆ. ಈಗ ಮುಟ್ಟಿದ್ರ ನೀನ ಕೊಂದಂಗ!"

ಆ ಮಾತು ನನ್ನನ್ನು ಒಂದು ಗಳಿಗೆ ನಿಲ್ಲಿಸಿತು. ನನ್ನ ಎರಡೂ ಕೈ ಎತ್ತಿ ನೋಡಿಕೊಂಡೆ, ಮುಂಗೈ, ಅಂಗೈ, ಉಗುರಿನ ಸಂದು. ಎಲ್ಲೂ ಗೀರಿರಲಿಲ್ಲ. ಲೇಡಿ ಡಾಕ್ಟರ್ ಹೇಳಿದ್ದು ನೆನಪಿತ್ತು: ರಕ್ತಕ್ಕೆ ರಕ್ತ ಕೂಡಬಾರದು, ಅಷ್ಟೇ.

"ಮಾವಾರ," ಎಂದೆ, "ಪರಾಗ ಹುಳದ ಮ್ಯಾಲೆ ಕುಂತು ಹಾರ್ತೈತಿ, ಅದಕ್ಕ ಅಂತರ ಬೇಕು. ಇದು ಹಾರಂಗಿಲ್ಲ. ನನ್ನ ಕೈಯಾಗ ಗಾಯ ಇಲ್ಲ. ದಾರಿ ಬಿಡ್ರಿ."

"ತಿಳೀತೈತಿ ನನಗ," ಎಂದರು ಅವರು. ಓಣಿಯ ಎರಡೂ ಕಡೆ ನೋಡಿದರು. "ನನಗ ತಿಳೀತೈತಿ. ಊರಿಗೆ ತಿಳಿಯಂಗಿಲ್ಲ. ಈ ಮನಿ ಬೀಜ ನಾಳೆ ಯಾರು ತಗೋತಾರ?"

ತಿಳಿದಿತ್ತಂತೆ! ಅದುವರೆಗೆ ಅವರ ಮೇಲೆ ನನಗೆ ಒಂದಿಷ್ಟು ಕರುಣೆ ಇತ್ತು, ತಿಳಿಯದ ಮುದುಕ ಎಂದು. ಆ ಮಾತಿಗೆ ಅದೂ ಹೋಯಿತು. ನಾನು ಮೆಟ್ಟಿಲು ಹತ್ತಿದೆ. ಮಾವನ ಎರಡೂ ಕೈ ಬಾಗಿಲಿಗೆ ಅಡ್ಡವಾಗಿಯೇ ಇದ್ದವು. ಇನ್ನೊಂದು ಮೆಟ್ಟಿಲು ಹತ್ತಿದೆ, ಅವರ ಕೈಗೆ ನನ್ನ ಭುಜ ತಾಗುವಷ್ಟು ಹತ್ತಿರ. ಆ ಕೈ ತಾನಾಗಿ ಹಿಂದಕ್ಕೆ ಹೋಯಿತು. ಆಗ ನನಗೆ ಹೊಳೆಯಿತು. ಇವರು ಯಾರೂ ನನ್ನನ್ನು ತಡೆಯಲಾರರು. ತಡೆಯಬೇಕಾದರೆ ಮುಟ್ಟಬೇಕು.

ನೇರ ಒಳಗೆ ಹೋದೆ. ಮಾವ ಧೋತರ ಎತ್ತಿ ಹಿಡಿದು ಗೋಡೆಗೆ ಅಂಟಿಕೊಂಡರು. ನೀಲಮ್ಮ ಅರಿಷಿಣದ ಬಟ್ಟಲನ್ನು ನೆಲಕ್ಕಿಡಲು ಬಗ್ಗಿದವಳು, ಏಕೋ ಇಡದೆ, ನನ್ನ ಕೈಗೇ ಕೊಟ್ಟಳು. "ರಾತ್ರಿಯೆಲ್ಲಾ ನಿಮ್ಮನ್ನ ಕರದ್ಲು, ವೈನಿ," ಎಂದಳು, ಮಾವನಿಗೆ ಕೇಳದ ಹಾಗೆ. ನಾನು ಗಾಯಕ್ಕೆ ಅರಿಷಿಣ ಒತ್ತಿ, ಬಟ್ಟೆ ಸುತ್ತಿ, ಮಗಳನ್ನು ಎತ್ತಿಕೊಂಡು ಬಂದ ದಾರಿಯಲ್ಲೇ ಹೊರಟೆ. ಓಣಿಯ ಜನ ಹಾದಿ ಬಿಟ್ಟು ನಿಂತರು. ಬಿಡಲಿ.

ಕೊಪ್ಪಳದ ಬಸ್ಸು ನಿಂತಿತ್ತು. ಅಲ್ಲಿ ನನ್ನ ತಂದೆ ರಿಟೈರಾಗಿ ಬಾಡಿಗೆ ಮನೆಯಲ್ಲಿದ್ದರು. ನಾನು ಶೈಲಾಳೊಂದಿಗೆ ಕಿಟಕಿಯ ಪಕ್ಕ ಕುಳಿತೆ. ಡ್ರೈವರ್ ಹತ್ತುವ ಹೊತ್ತಿಗೆ ಮಾವ ಏದುಸಿರು ಬಿಡುತ್ತಾ ಬಂದರು. ಕೈಯಲ್ಲಿ ಶೈಲಾಳ ಪುಟ್ಟ ಚಪ್ಪಲಿಗಳಿದ್ದವು. ಕಿಟಕಿಯಿಂದ ಒಂದು ಮಾರು ದೂರದಲ್ಲಿ ನಿಂತು, ಚಪ್ಪಲಿಗಳನ್ನು ಜೋಡಿಸಿ ನೆಲದ ಮೇಲೆ ಇಟ್ಟು, ಹಿಂದಕ್ಕೆ ಸರಿದರು.

"ಕೂಸು ಬರಿಗಾಲಿಲೆ ಹೊಂಟೈತಿ, ತಂಗಿ. ಇಳದು ತಗೋ."

ನಾನು ಕಿಟಕಿಯಿಂದ ಕೈ ಹೊರಗೆ ಚಾಚಿದೆ. "ಕೈಯಾಗ ಕೊಡ್ರಿ, ಮಾವಾರ."

ಅವರು ಬಗ್ಗಿ ಚಪ್ಪಲಿ ಎತ್ತಿಕೊಂಡರು. ಒಂದು ಹೆಜ್ಜೆ ಮುಂದೆ ಇಟ್ಟರು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ನನ್ನ ಕೈ ನೋವು ಬರುವವರೆಗೆ ಚಾಚಿಯೇ ಇತ್ತು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಾಗ ಅವರು ಅಲ್ಲೇ ನಿಂತಿದ್ದರು, ಮೊಮ್ಮಗಳ ಚಪ್ಪಲಿಗಳನ್ನು ಎದೆಗೆ ಒತ್ತಿ ಹಿಡಿದುಕೊಂಡು. ಮಾವನನ್ನು ನಾನು ನೋಡಿದ್ದು ಅದೇ ಕೊನೆ.